ಕಣ್ಣು ಬಿಡದ ಸೀತಾಫಲ

ಹಣ್ಣಾಗಲಿ ಅಂತ ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟಿದ್ದ ಸೀತಾಫಲಗಳನ್ನು ಈ ಬೆಳಿಗ್ಗೆ ತೆಗೆದು ನೋಡಿದರೆ ಕರ್ರಗಾಗಿ, ಕಲ್ಲಿನಂತೆ ಕೂತಿದ್ದವು. ಒಂದನ್ನು ಒಡೆದೆ. ಹಣ್ಣಿನ ಘಮವಿಲ್ಲ, ಸೊಪ್ಪು ಬಾಡಿದಂಥ ಒಗರು ವಾಸನೆ. ಆ ವಾಸನೆಗೆ ಎದುರುಮನೆ ಅತ್ತೆ ನೆನಪಾದರು...

ಅತ್ತೆ ಅಂದರೆ ಸಂಬಂಧದಲ್ಲಿ ನನಗೆ ಏನೂ ಆಗಬೇಕಿರಲಿಲ್ಲ. ಮುರುಗಮಲ್ಲದ ಕಡೆಯ ಆ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಬೀದಿಯ ಹೆಂಗಸರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಊರ ಹಿಂದಿನ ಗುಡ್ಡವನ್ನು ನೋಡಿಕೊಳ್ಳುವ ಗ್ರಾಮ ಅರಣ್ಯ ಸಮಿತಿಗೆ ಅವರೇ ಅಧ್ಯಕ್ಷೆ. ಯಾರಾದರೂ ಅಧ್ಯಕ್ಷರೇ ಅಂದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಗುಡ್ಡದ ವಿಷಯ ಬಂದರೆ ಮಾತ್ರ ಆ ನಗು ಮಾಯ.

ಗುಡ್ಡದ ತುಂಬ ಸೀತಾಫಲದ ಗಿಡ. ಮೊದಲೆಲ್ಲ ತಾನು ಕೀಳದಿದ್ದರೆ ಇನ್ನೊಬ್ಬರು ಕೀಳುತ್ತಾರೆ ಅಂತ ಊರಿಗೆ ಊರೇ ಎಳೆಕಾಯಿ ಬಿಡಿಸಿಕೊಂಡು ಬರುತ್ತಿತ್ತಂತೆ. ಎಲ್ಲರ ಮನೆಯಲ್ಲೂ ಹೀಗೇ ಕರ್ರಗಾಗಿ ತಿಪ್ಪೆ ಸೇರುತ್ತಿತ್ತಂತೆ. ಅತ್ತೆ ಮನೆಮನೆ ಸುತ್ತಿ, ಜಗಳವಾಡಿ, ಕೈಮುಗಿದು ಒಂದು ಕಟ್ಟಳೆ ಮಾಡಿಸಿದರು. ಕಾಯಿ ಕಣ್ಣು ಬಿಡುವವರೆಗೆ, ಅಂದರೆ ಮೈಮೇಲಿನ ಉಬ್ಬುಗಳ ನಡುವೆ ಬಿಳಿಗೆರೆ ಮೂಡುವವರೆಗೆ, ಯಾರೂ ಮುಟ್ಟುವಂತಿಲ್ಲ. ಆಮೇಲೆ ತಮಟೆ ಹೊಡೆಸಿ ಎಲ್ಲರೂ ಒಟ್ಟಿಗೆ ಹತ್ತುವುದು, ಗುಡ್ಡದ ಬುಡದ ಹೊಂಗೆಮರದಡಿ ರಾಶಿ ಹಾಕಿ ಹಂಚಿಕೊಳ್ಳುವುದು. ಹತ್ತಲಾಗದ ಮುದುಕಿಯರಿಗೂ ಸಮಪಾಲು. ನಾನು ಆ ಊರು ಸೇರಿದ ಮೇಲೆ ಕೆಲವು ವರ್ಷ ಇದು ಚೆನ್ನಾಗಿಯೇ ನಡೆಯಿತು. ಆ ದಿನಗಳಲ್ಲಿ ಬೀದಿಯೆಲ್ಲ ಹಣ್ಣಿನ ಘಮ...

ಆ ವರ್ಷ ಗಣೇಶನ ಹಬ್ಬ ಮುಗಿದಿತ್ತಷ್ಟೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಪಕ್ಕದೂರಿನವರು ಗುಡ್ಡದ ಆ ಮಗ್ಗುಲಲ್ಲಿ ಕಾಯಿ ಕೀಳುತ್ತಿದ್ದಾರೆ ಅಂತ ಯಾರೋ ಸುದ್ದಿ ತಂದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. "ಪದಂಡಿ, ಪದಂಡಿ" ಅಂತ ತೆಲುಗಿನಲ್ಲಿ ಒಬ್ಬರನ್ನೊಬ್ಬರು ಹೊರಡಿಸಿಕೊಂಡು, ಚೀಲ, ಮಂಕರಿ, ಕೈಗೆ ಸಿಕ್ಕಿದ್ದು ಹಿಡಿದು ಜನ ಓಡಿದರು. ಅತ್ತೆ ಹೊಂಗೆಮರದ ಹತ್ತಿರ ಎರಡೂ ಕೈ ಅಗಲಿಸಿ ನಿಂತರು.

"ಒಂದು ವಾರ ತಡ್ಕಳ್ರಪ್ಪ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ, ಅಲ್ಲಿಗಂಟ ನಿಲ್ರಿ."

ಜನ ತಲೆ ತಗ್ಗಿಸಿ ಪಕ್ಕದಿಂದ ನುಸುಳಿದರು. ಒಂದು ಬಿಂದಿಗೆ ಎತ್ತಿಕೊಡಿ ಅಂದರೆ ಬೆನ್ನುನೋವು ಅನ್ನುತ್ತಿದ್ದ ನಮ್ಮ ಯಜಮಾನರು ಆ ದಿನ ಮೇಕೆಯಂತೆ ಹತ್ತಿದರು. ನಾನು ಅತ್ತೆಯ ಪಕ್ಕ ನಿಂತೆ. ನಿಂತು ಮಾಡಿದ್ದೇನೂ ಇಲ್ಲ.

ಕೊನೆಗೆ ಕೆಳಗೆ ಉಳಿದದ್ದು ಅವರ ಮಾತಿಗೆ ಕಟ್ಟುಬಿದ್ದ ನಾಲ್ಕಾರು ಹೆಂಗಸರು. ಗಂಡ ಸತ್ತ ಒಬ್ಬಾಕೆ ಖಾಲಿ ಪುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಗುಡ್ಡ ನೋಡುತ್ತಿದ್ದಳು. ಅತ್ತೆ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಅಗಲಿಸಿದ್ದ ಕೈ ಇಳಿಸಿದರು.

"ಹೋಗ್ರಮ್ಮ, ನೀವೂ ಕಿತ್ಕೊಳ್ಳಿ. ನನ್ ಮಾತು ಕೇಳಿದ್ದಕ್ಕೆ ನಿಮಗೇ ಏನೂ ಇಲ್ದಂಗಾಗೋದು ಬ್ಯಾಡ."

ಕಟ್ಟಳೆ ಮಾಡಿಸಿದವರ ಬಾಯಲ್ಲೇ ಆ ಮಾತು ಬಂತು. ಆ ಹೆಂಗಸರೂ ಗುಡ್ಡ ಹತ್ತಿದರು. ಮಧ್ಯಾಹ್ನ ಅತ್ತೆ ಒಬ್ಬರೇ ಗುಡ್ಡ ಹತ್ತಿ ಆ ಮಗ್ಗುಲನ್ನು ನೋಡಿ ಬಂದು ನಮ್ಮ ಜಗಲಿಯ ಮೇಲೆ ಕೂತರು.

"ಪಕ್ಕದೂರೋರು ಒಂದು ಕಾಯೂ ಮುಟ್ಟಿರ್ಲಿಲ್ಲ ಕಣೇ. ನಮ್ಮೋರು ಕೀಳೋದು ನೋಡಿ ಈಗ ಹತ್ತುತಾವ್ರೆ..."

ಆ ವಾರವೆಲ್ಲ ಊರಲ್ಲಿ ಈ ಒಗರು ವಾಸನೆಯೇ. ಮುಂದಿನ ವರ್ಷ ತಮಟೆ ಹೊಡೆಸುವ ಮಾತನ್ನು ಅತ್ತೆಯೂ ಎತ್ತಲಿಲ್ಲ, ಬೇರೆ ಯಾರೂ ಎತ್ತಲಿಲ್ಲ. ನಾವು ಚಿಂತಾಮಣಿಗೆ ಬಂದು ನೆಲೆಸಿದ ಮೇಲೂ ಸಮಿತಿಯ ಬೋರ್ಡು ಅಲ್ಲೇ ಇದೆಯಂತೆ. ಅತ್ತೆ ಇಲ್ಲ.

ಇವತ್ತು ಸಂಜೆ ಚಿಂತಾಮಣಿ ಬಸ್ ಸ್ಟ್ಯಾಂಡಿನ ಹತ್ತಿರ, ನನಗೆ ಅಕ್ಕಿ ಡಬ್ಬದ ಆ ಕಾಯಿ ಮಾರಿದ್ದ ಹೆಂಗಸು ಮತ್ತೆ ಸಿಕ್ಕಳು. ಕಣ್ಣು ಬಿಡುವ ಮುಂಚೆ ಯಾಕಮ್ಮ ಕಿತ್ತೆ ಅಂತ ರೇಗಿದೆ.

"ನಾ ಬಿಟ್ರೆ ಬೇರೆಯೋರು ಬಿಡ್ತಾರೇನಕ್ಕ?"

ಬೈಯಬೇಕೆಂದೇ ಹೋಗಿದ್ದೆ... ಹೊಂಗೆಮರದಡಿ ಅತ್ತೆ ಕೈ ಇಳಿಸಿದ್ದು ಕಣ್ಣ ಮುಂದೆ ಬಂತು. ಚೀಲದ ಬಾಯಿ ಬಿಡಿಸಿ, ಅವಳು ಆರಿಸಿಕೊಟ್ಟ ಕಣ್ಣು ಬಿಡದ ಕಾಯಿಗಳನ್ನು ಹಾಕಿಸಿಕೊಂಡೆ.