ಇಲಿಗಳಿಗೂ ಹೊಸ ಅಕ್ಕಿ

ಕುಕ್ಕುಂದೂರಿನಲ್ಲಿ ಹುಟ್ಟಿ, ಮದುವೆಯಾಗಿ ಕಾಪುವಿಗೆ ಬಂದ ಮ್ಯಾಗ್ಡಲಿನ್ ಬಾಯಿಗೆ ಇಲಿ ಕಂಡರೆ ಹೇಸಿಗೆ. ಅಂಥವಳಿಗೆ ದೇವರು ಕೊಟ್ಟ ಕೆಲಸ ನೋಡಿ: ಮಣಿಪಾಲದ ಒಂದು ಪ್ರಯೋಗಶಾಲೆಯಲ್ಲಿ ಬಿಳಿ ಇಲಿಗಳಿಗೆ ತಿನ್ನಲು ಹಾಕುವುದು, ಗೂಡು ತೊಳೆಯುವುದು. ಮೊದಮೊದಲು ಮೂಗಿಗೆ ಸೆರಗು ಹಿಡಿದವಳು ವರ್ಷ ಕಳೆಯುವಷ್ಟರಲ್ಲಿ ಅವುಗಳೊಡನೆ ಕೊಂಕಣಿಯಲ್ಲಿ ಜಗಳವಾಡತೊಡಗಿದ್ದಳು. ಕೆಲಸ ಚೊಕ್ಕ, ಬಾಯಿ ಮಾತ್ರ ಜೋರು.

೧೯೮೩ರ ಮಳೆಗಾಲದಲ್ಲಿ ಅವಳ ಸಂಸಾರವೇ ಆ ಇಲಿಗಳನ್ನು ನಂಬಿ ಕೂತಿತ್ತು. ಗಂಡ ಲಿಯೋನೆಲ್ ಕಾಪುವಿನ ಕಡಲದಂಡೆಯಲ್ಲಿ ದೋಣಿಗಳ ತಳಕ್ಕೆ ಬಣ್ಣ ಬಳಿಯುತ್ತಿದ್ದ. ಮರಕ್ಕೆ ಚಿಪ್ಪುಗಳು ಹತ್ತಬಾರದೆಂದು ಆ ಬಣ್ಣದಲ್ಲಿ ಒಂದು ರಾಸಾಯನಿಕ ಬೆರೆಸಿರುತ್ತಿದ್ದರು. ಎರಡು ವರ್ಷದಿಂದ ಅವನಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಕೈಗೆ ಒಂದು ಮುಳ್ಳು ತಾಗಿದರೂ ಗಾಯ ತಿಂಗಳುಗಟ್ಟಲೆ ಮಾಯುತ್ತಿರಲಿಲ್ಲ. ಕೆಲಸ ಬಿಡಿ ಎಂದರೆ ಕೇಳುವ ಗಂಡಸೇ ಅವನು? "ಬಣ್ಣ ಬಳಿದು ಯಾರೂ ಸತ್ತದ್ದಿಲ್ಲ ಮಾರಾಯ್ತಿ" ಎನ್ನುತ್ತಿದ್ದ. ದೋಣಿಗಳ ಧಣಿ ರಘುಪತಿಯದೂ ಅದೇ ರಾಗ. "ಮಣಿಪಾಲದ ಡಾಕ್ಟ್ರು ಬರೆದುಕೊಡಲಿ ಬಾಯಿ, ನಾಳೆಯೇ ಆ ಬಣ್ಣ ನಿಲ್ಲಿಸ್ತೇನೆ."

ಮ್ಯಾಗ್ಡಲಿನ್ ತನ್ನ ಪ್ರಯೋಗಶಾಲೆಯ ಡಾಕ್ಟರ್ ಸುಭಾಷಿಣಿಯವರ ಬೆನ್ನು ಬಿದ್ದಳು. ವಿಷಗಳು ಮೈಗೆ ಏನು ಮಾಡುತ್ತವೆಂದು ನೋಡುವುದೇ ಅವರ ಕೆಲಸ. ಇವಳ ಕಾಟ ತಾಳಲಾರದೆ ಆ ರಾಸಾಯನಿಕವನ್ನು ತರಿಸಿದರು. ಅರ್ಧ ಗೂಡುಗಳ ಇಲಿಗಳಿಗೆ ತಿನಿಸಿನೊಡನೆ ಅದನ್ನು ಚೂರುಚೂರೇ ಬೆರೆಸಿ ಕೊಡುವುದು, ಉಳಿದವಕ್ಕೆ ಬರೇ ತಿನಿಸು. ಕೊನೆಗೆ ಎಲ್ಲಕ್ಕೂ ಕುರಿಯ ರಕ್ತ ಚುಚ್ಚುವುದು. ಹೊರಗಿನದು ಒಳಗೆ ಬಂದರೆ ಗಟ್ಟಿ ಮೈ ಸುಮ್ಮನಿರುವುದಿಲ್ಲ, ಎದುರಿಸುವ ಶಕ್ತಿಯನ್ನು ರಕ್ತದಲ್ಲಿ ಹುಟ್ಟಿಸುತ್ತದೆ. ಹುಟ್ಟದಿದ್ದರೆ, ರಾಸಾಯನಿಕ ಮೈಯ ಕಾವಲನ್ನೇ ಕೆಡಿಸಿದೆ ಎಂದರ್ಥ.

"ನಾನು ಕೊಟ್ಟದ್ದು ಬಿಟ್ಟು ಒಂದು ಕಾಳೂ ಗೂಡಿನ ಒಳಗೆ ಹೋಗಬಾರದು" ಎಂದು ಡಾಕ್ಟರು ಹೇಳಿದ್ದರು. ಮ್ಯಾಗ್ಡಲಿನ್ ತಲೆಯಾಡಿಸಿದ್ದಳು.

ಸೆಪ್ಟೆಂಬರಿನಲ್ಲಿ ಕೊಂಕಣಿ ಕ್ರಿಶ್ಚಿಯನ್ನರ ತೆನೆಹಬ್ಬವಾದ ಮೊಂತಿ ಹಬ್ಬ ಬಂತು. ಇಗರ್ಜಿಯಿಂದ ತಂದ ತೆನೆಯ ಹೊಸ ಅಕ್ಕಿಯನ್ನು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು, ಒಬ್ಬರನ್ನೂ ಬಿಡುವಂತಿಲ್ಲ. ದೂರದಲ್ಲಿದ್ದವರಿಗೆ ಅಂಚೆಯಲ್ಲಾದರೂ ಕಾಳು ಕಳಿಸಬೇಕು. ಜ್ವರದಿಂದ ಎದ್ದು ಬಂದು ಕೂತ ಲಿಯೋನೆಲನಿಗೆ ಅವಳು ಎರಡು ಸಲ ಬಡಿಸಿದಳು. ಮಧ್ಯಾಹ್ನ ಮಣಿಪಾಲಕ್ಕೆ ಹೋಗುವಾಗ ಉಳಿದ ಹಾಲು ಚೀಲದಲ್ಲಿತ್ತು. ಕೆಲವು ಗೂಡುಗಳಲ್ಲಿ ಇಲಿಗಳು ರೋಮ ನಿಮಿರಿಸಿಕೊಂಡು ಮೂಲೆ ಹಿಡಿದಿದ್ದವು. ದಿನವೂ ಕೈಯಾರೆ ಉಣಿಸುವವಳು ಹಬ್ಬದ ದಿನ ಹೇಗೆ ಬಿಟ್ಟಾಳು? ಎಲ್ಲ ಗೂಡಿಗೂ ಒಂದೊಂದು ಚಮಚ ಹಾಕಿದಳು. ಸೊರಗಿದವಕ್ಕೆ ಇನ್ನೊಂದು ಚಮಚ.

ಅಕ್ಟೋಬರಿನಲ್ಲಿ ಫಲ ಬಂತು. ರಾಸಾಯನಿಕ ತಿಂದ ಇಲಿಗಳಲ್ಲಿ ಎದುರಿಸುವ ಶಕ್ತಿ ಹುಟ್ಟಿರಲೇ ಇಲ್ಲ. ಡಾಕ್ಟರ ಮುಖ ಅರಳಿತ್ತು. "ರಘುಪತಿಯವರಿಗೆ ಇವತ್ತೇ ಬರೆಯುವ" ಎಂದು ಪೆನ್ನು ತೆಗೆದವರು, ತಲೆಯೆತ್ತದೆ ಕೇಳಿದರು: "ಬೇರೆ ಎಂತದೂ ತಿನ್ನಲಿಲ್ಲ ಅಲ್ವಾ ಅವು?"

ಇಲ್ಲ ಎಂದರೆ ಮುಗಿಯಿತು. ಲಿಯೋನೆಲ್ ಉಳಿಯುತ್ತಾನೆ. ಪೆನ್ನು ಕಾಗದ ಮುಟ್ಟಿತು.

"ಡಾಕ್ಟ್ರೇ, ಬರೆಯಬೇಡಿ" ಎಂದಳು. ಹಬ್ಬದ ಕತೆಯನ್ನೆಲ್ಲ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಲ್ಲಕ್ಕೂ ಒಂದೇ ಸಮ ಕೊಟ್ಟಿದ್ದರೆ ಹೇಗಾದರೂ ಆಗ್ತಿತ್ತು. ಸೊರಗಿದವಕ್ಕೇ, ಅಂದರೆ ರಾಸಾಯನಿಕ ತಿಂದವಕ್ಕೇ ಎರಡು ಸಲ ಕೊಟ್ಟಿದ್ದೀರಿ. ಅಕ್ಕಿಯಲ್ಲಿ ಬೂಸ್ಟು ಇತ್ತು, ಅದರಿಂದಲೇ ಹೀಗಾಯ್ತು ಅಂತ ಬಣ್ಣದ ಕಂಪನಿಯವರು ಹೇಳಿದರೆ ನಾನು ಎಂತ ಹೇಳಲಿ? ಮೊದಲಿನಿಂದ ಶುರು ಮಾಡಬೇಕು ಬಾಯಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ತನ್ನ ಕೈಯಿಂದಲೇ ಜಾರಿತು. ಕಾಪುವಿನವರೆಗೆ ಬಸ್ಸಿನಲ್ಲಿ ಅವಳು ತನ್ನನ್ನೇ ಬೈದುಕೊಂಡಳು.

ಲಿಯೋನೆಲ್ ಬಾವಿಕಟ್ಟೆಯ ಬಳಿ ಸೀಮೆಎಣ್ಣೆ ಹಚ್ಚಿ ಕೈಯ ಬಣ್ಣ ಉಜ್ಜುತ್ತಿದ್ದ. ಅವಳು ಹೇಳಿದ್ದೆಲ್ಲ ಕೇಳಿ ಸಿಟ್ಟಾದ. "ಸುಮ್ಮನೆ ಇದ್ದಿದ್ದರೆ ಎಂತ ಹೋಗ್ತಿತ್ತು ನಿನ್ನದು? ಕಾಗದ ಬರ್ತಿತ್ತು, ಧಣಿಯ ಬಾಯಿ ಮುಚ್ಚುತ್ತಿತ್ತು."

"ಸುಳ್ಳು ಕಾಗದ ಹಿಡ್ಕೊಂಡು ಧಣಿಯ ಎದುರು ನಿಲ್ಲಲಿಕ್ಕೆ ನನ್ನಿಂದ ಆಗುದಿಲ್ಲ."

ಅವನು ಉಜ್ಜುವುದನ್ನು ನಿಲ್ಲಿಸಿದ. "ಎರಡು ಸಲ ಕೊಟ್ಟದ್ದು ಯಾವುದಕ್ಕೆ?"

"ಹೇಳಿದೆನಲ್ಲ, ಸೊರಗಿದವಕ್ಕೆ. ಇನ್ನು ಬದುಕುದಿಲ್ಲ ಅಂತ ಕಂಡವಕ್ಕೆ."

"ಹಬ್ಬದ ದಿನ ನನಗೂ ಎರಡು ಸಲ ಬಡಿಸಿದ್ದಿ" ಎಂದ ಲಿಯೋನೆಲ್.

ಯಾರಿಗೂ ಮಾತು ಬಾಕಿ ಇಡದ ಮ್ಯಾಗ್ಡಲಿನ್ ಬಾಯಿ ಬಾವಿಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅವನು ಸಮಾಧಾನ ಮಾಡಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಅಲ್ಲೇ ನಿಂತಿದ್ದ.

ಮರುದಿನ ಬೆಳಿಗ್ಗೆ ಲಿಯೋನೆಲ್ ತನ್ನ ಬ್ರಷ್ಷುಗಳನ್ನು ರಘುಪತಿಯ ಜಗಲಿಯಲ್ಲಿ ಇಟ್ಟು ಬಂದ. ಕಡಲದಂಡೆಯಲ್ಲಿ ಬಣ್ಣ ಬಳಿಯುವವರು ಇನ್ನೂ ಇದ್ದರು. ಮ್ಯಾಗ್ಡಲಿನ್ ಬಾಯಿ ಎಂದಿನ ಬಸ್ಸಿಗೆ ಮಣಿಪಾಲಕ್ಕೆ ಹೋಗಿ ಹೊಸ ಇಲಿಗಳಿಗಾಗಿ ಗೂಡುಗಳನ್ನು ತೊಳೆದಿಟ್ಟಳು.