ಜೇಬಿನಲ್ಲೇ ಉಳಿದ ಸ್ವಿಚ್ಚು

೧೯೮೩ರಲ್ಲಿ ನಾನು ತುಮಕೂರಿನ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ವಯಸ್ಸು ಮೂವತ್ತಾರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕ್ಯಾತ್ಸಂದ್ರದಲ್ಲಿ ಒಂದು ಬಾಡಿಗೆ ಕೋಣೆ. ವಾರದ ಆರು ದಿನ ಎಂಜಿನ್ನುಗಳ ಸದ್ದಿನಲ್ಲಿ ಹೇಗೋ ಕಳೆಯುತ್ತಿತ್ತು. ಗ್ಯಾರೇಜಿಗೆ ರಜೆಯಿದ್ದ ಭಾನುವಾರವೇ ನನಗೆ ಶಿಕ್ಷೆ. ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಎರಡು ಲೋಟ ತೊಳೆದು, ಒಂದನ್ನು ಮತ್ತೆ ಗೂಡಿಗೆ ಇಡುತ್ತಿದ್ದೆ.

ಈಗಿನ ಕಾರುಗಳಲ್ಲಿ ಚೆಕ್ ಎಂಜಿನ್ ದೀಪ ಹತ್ತಿದರೆ ಮನೆಯಲ್ಲೇ ಒಂದು ಪುಟ್ಟ ಯಂತ್ರ ಸಿಕ್ಕಿಸಿ ದೋಷದ ಕೋಡ್ ಓದಿಬಿಡುತ್ತಾರೆ. ಆಗ ಇದ್ದದ್ದು ಆಯಿಲ್ ಪ್ರೆಶರ್‌ನ ಕೆಂಪು ದೀಪ. ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಬಿದ್ದರೆ ಹತ್ತುತ್ತದೆ. ಯಾಕೆ ಬಿತ್ತು ಎನ್ನುವುದನ್ನು ನಾವೇ ಕಂಡುಹಿಡಿಯಬೇಕು.

ಗುಬ್ಬಿಯ ಡಾಕ್ಟರಮ್ಮನ ಕಾರಿನಲ್ಲಿ ಆ ದೀಪ ಸುಮ್ಮಸುಮ್ಮನೆ ಹತ್ತಿ ಆರುತ್ತಿತ್ತು. ಐವತ್ತೈದು ದಾಟಿದ ಒಂಟಿ ಹೆಂಗಸು. ಸುತ್ತಲ ಹಳ್ಳಿಗಳ ಹೆರಿಗೆಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಗಾಡಿಯನ್ನು ಗ್ಯಾರೇಜಿನಲ್ಲಿ ಬಿಡುವಂತಿರಲಿಲ್ಲ. ಭಾನುವಾರ ಮನೆಗೇ ಬಂದು ನೋಡು ಎಂದು ಹೇಳಿಕಳಿಸಿದರು.

ಹೋದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಸರಿಯಾಗಿತ್ತು. ದೀಪಕ್ಕೆ ಸುದ್ದಿ ಮುಟ್ಟಿಸುವ ಸ್ವಿಚ್ಚನ್ನು ಎಂಜಿನ್ನಿನಿಂದ ಬಿಚ್ಚಿ, ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿದೆ. ಮುಳ್ಳು ನಲವತ್ತು ಪೌಂಡಿನ ಹತ್ತಿರ ಅಲುಗದೆ ನಿಂತಿತು. ಎಂಜಿನ್ ಗಟ್ಟಿಮುಟ್ಟಾಗಿತ್ತು, ಕೆಟ್ಟಿದ್ದದ್ದು ಸ್ವಿಚ್ಚು ಮಾತ್ರ. ಅರ್ಧ ಗಂಟೆಯಲ್ಲಿ ರೋಗ ಸಿಕ್ಕಿತ್ತು. ಸದ್ಯಕ್ಕೆ ಹಳೆಯ ಸ್ವಿಚ್ಚನ್ನೇ ಮತ್ತೆ ಕೂರಿಸಿದೆ.

ಅಷ್ಟರಲ್ಲಿ ಅವರು ಜಗುಲಿಗೆ ಕಾಫಿ, ಉಪ್ಪಿಟ್ಟು ತಂದು ಎದುರು ಕೂತರು. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದರು. ಎರಡು ವರ್ಷದಲ್ಲಿ ಯಾರೂ ನನ್ನನ್ನು ಕೂರಿಸಿಕೊಂಡು ಹೀಗೆ ಕೇಳಿರಲಿಲ್ಲ. ಕೊನೆಗೆ ಗಾಡಿಗೆ ಏನಾಗಿದೆ ಎಂದಾಗ ನನ್ನ ಬಾಯಿಂದ ಬಂದದ್ದೇ ಬೇರೆ.

“ಇನ್ನೊಂದ್ ವಾರ ನೋಡ್ಬೇಕು ಡಾಕ್ಟ್ರಮ್ಮ. ದೀಪ ಹತ್ತಿದ್ರೂ ಏನೂ ಆಗಲ್ಲ, ಓಡಿಸ್ತಿರಿ.”

ಹೊಸ ಸ್ವಿಚ್ಚನ್ನು ಸೋಮವಾರವೇ ಕೊಂಡೆ. ಅದನ್ನು ಕಾಗದದಲ್ಲಿ ಸುತ್ತಿ ಷರ್ಟಿನ ಜೇಬಿನಲ್ಲಿಟ್ಟುಕೊಂಡೇ ಮುಂದಿನ ಮೂರು ಭಾನುವಾರ ಗುಬ್ಬಿಗೆ ಹೋದೆ. ಒಂದು ವಾರ ವೈರುಗಳನ್ನು ಒರೆಸಿದೆ, ಇನ್ನೊಂದು ವಾರ ಫಿಲ್ಟರ್ ಬಿಚ್ಚಿ ಹಾಗೆಯೇ ಹಾಕಿದೆ. ಮೂರನೆಯ ವಾರ ಬಾನೆಟ್ ಎತ್ತಿ ಸುಮ್ಮನೆ ನಿಂತಿದ್ದೆ. ಗಂಟೆ ಹೊತ್ತಿನ ಮಾತಿಗಾಗಿ ಇಷ್ಟು ನಾಟಕ. ನಾಚಿಕೆಯಾಗುತ್ತಿತ್ತು, ಆದರೆ ಶನಿವಾರ ಸಂಜೆಯಿಂದಲೇ ಖುಷಿಯೂ ಆಗುತ್ತಿತ್ತು.

ಅದರ ಮುಂದಿನ ಬುಧವಾರ ಮಧ್ಯಾಹ್ನ ಹೆಬ್ಬೂರಿನ ಕಡೆಯ ಹಳ್ಳಿಯೊಂದರಿಂದ ಅವರಿಗೆ ಕರೆ ಬಂತು, ಹೆರಿಗೆ ಕಷ್ಟವಾಗಿತ್ತು. ದಾರಿಯಲ್ಲಿ ಕಲ್ಲು ಬಡಿದು ಎಂಜಿನ್ನಿನ ತಳ ಒಡೆದು ಎಣ್ಣೆಯೆಲ್ಲ ಸೋರಿತು. ಕೆಂಪು ದೀಪ ಹತ್ತಿತು. ಅವರು ನಿಲ್ಲಿಸಲಿಲ್ಲ. ಸ್ವಲ್ಪ ದೂರದಲ್ಲೇ ಎಂಜಿನ್ ಸೀಜ್ ಆಯಿತು, ಅಂದರೆ ಎಣ್ಣೆಯಿಲ್ಲದೆ ಒಳಗೊಳಗೇ ಕಚ್ಚಿಕೊಂಡು ನಿಂತುಬಿಟ್ಟಿತು. ಬ್ಯಾಗು ಹಿಡಿದು ಎರಡು ಮೈಲಿ ಬಿಸಿಲಿನಲ್ಲಿ ನಡೆದರು. ತಲುಪುವಷ್ಟರಲ್ಲಿ ತಾಯಿಗೆ ಎಚ್ಚರ ತಪ್ಪಿತ್ತು. ತಾಯಿ, ಮಗು ಇಬ್ಬರೂ ಉಳಿದದ್ದು ಅವರ ಕೈಗುಣ.

ಮರುದಿನ ಕಾರನ್ನು ಲಾರಿಗೆ ಕಟ್ಟಿ ಗ್ಯಾರೇಜಿಗೆ ಎಳೆಸಿಕೊಂಡು ಬಂದರು.

“ದೀಪ ಹತ್ತಿತ್ತು ಕಣಪ್ಪ. ಏನೂ ಆಗಲ್ಲ ಅಂತ ನೀನೇ ಹೇಳಿದ್ಯಲ್ಲ, ನಂಬ್ಕೊಂಡ್ ಓಡಿಸ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವರ ಕೈಗೆ ಕೊಟ್ಟು, ಮೊದಲ ದಿನವೇ ಗೊತ್ತಿತ್ತು ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸ್ವಿಚ್ಚನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

“ಕಾಫಿಗೆ ಬರ್ತೀನಿ ಅಂದಿದ್ರೆ ನಾನೇನು ಬೇಡ ಅಂತಿದ್ನಾ?”

ಮೂರು ವಾರದಲ್ಲಿ ಎಂಜಿನ್ ಸಿದ್ಧವಾಯಿತು. ಆ ಸ್ವಿಚ್ಚನ್ನು ನಾನೇ ಕೂರಿಸಿದೆ. ಗಾಡಿ ಒಯ್ಯುವಾಗ “ಭಾನುವಾರ ಬಾ” ಎಂದರು. ಹೋಗಲು ನನಗೆ ಮುಖವಿರಲಿಲ್ಲ.

ಕಾರಣ ಗೊತ್ತಾದ ಗಳಿಗೆಯಲ್ಲೇ ಹೇಳಿಬಿಡಬೇಕು, ಉರಿಯುವ ದೀಪವನ್ನು ಕಡೆಗಣಿಸಲು ಯಾರಿಗೂ ಕಲಿಸಬಾರದು: ಇದು ನನ್ನ ಕಸುಬು ಕಲಿಸಿದ ಪಾಠ. ನಿವೃತ್ತನಾಗುವವರೆಗೂ ಪಾಲಿಸಿದೆ. ಆದರೆ ಒಬ್ಬರ ಬಾಗಿಲಲ್ಲಿ ನಿಂತು “ಕಾಫಿಗೆ ಬಂದೆ” ಎನ್ನುವುದು ಮಾತ್ರ ನನಗೆ ಇವತ್ತಿಗೂ ಬರುವುದಿಲ್ಲ.