ಬ್ರೇಕ್ ಆಯಿಲ್ ಯಾವ ಸೀಮೆ ಎಣ್ಣೆ?

ನಮ್ಮ ಮನೆಯಲ್ಲಿ ಎಣ್ಣೆ ಅಂದರೆ ಕೊಬ್ಬರಿ ಎಣ್ಣೆ. ಮಿಕ್ಕ ಎಣ್ಣೆಗಳನ್ನು ಕರೆಯುವಾಗ ಮುಂದೆ ಮನೆತನದ ಹೆಸರು ಸೇರಿಸುತ್ತೇವೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆ, ಬೇವಿನೆಣ್ಣೆ ಅಂತ. ಇದಕ್ಕೆ ಆ ಅಗತ್ಯವಿಲ್ಲ. ನನ್ನ ಹೆಂಡತಿ ಗಿರಿಜೆಯ ತವರು ಹಾರನಹಳ್ಳಿ, ತೆಂಗು ಬೆಳೆದು ಕೊಬ್ಬರಿ ಮಾರುವ ಮನೆ. ಅಲ್ಲಿಂದ ಕ್ಯಾನಿನಲ್ಲಿ ಬರುವ ಎಣ್ಣೆ ಅರಸೀಕೆರೆಯ ನಮ್ಮ ಮನೆಯಲ್ಲಿ ತಲೆಗೆ, ಒಡೆದ ಹಿಮ್ಮಡಿಗೆ, ಕಿರುಗುಟ್ಟುವ ಬಾಗಿಲಿಗೆ, ತುಕ್ಕು ಹಿಡಿದ ಬೀಗಕ್ಕೆ, ಹಲಸಿನ ಹಣ್ಣು ಬಿಡಿಸುವ ಕೈಗೆ, ಹೊಲಿಗೆ ಮಿಷನ್ನಿಗೆ ಎಲ್ಲಕ್ಕೂ ಆಗುತ್ತದೆ. ಇದುವರೆಗೆ ಯಾವ ಬೀಗವೂ ದೂರು ಹೇಳಿದ್ದಿಲ್ಲ. ಹೀಗಿರುವಾಗ ಅದು ನನ್ನ ಮೋಟರ್ ಸೈಕಲ್ಲಿನ ಹಿಂದಿನ ಬ್ರೇಕಿಗೂ ಹೋಗಿ ಸೇರಿದ್ದರಲ್ಲಿ ನನ್ನ ತಪ್ಪೆಷ್ಟು, ಊರಿನ ತಪ್ಪೆಷ್ಟು, ಕನ್ನಡ ಭಾಷೆಯ ತಪ್ಪೆಷ್ಟು ಅನ್ನುವುದನ್ನು ನೀವೇ ತೀರ್ಮಾನಿಸಬೇಕು.

ಭಾಷೆಯ ಮೇಲೆ ಗೂಬೆ ಕೂರಿಸುವ ಹಕ್ಕು ನನಗೆ ಸ್ವಲ್ಪ ಇದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ರಿಪೇರಿಯ ಹಕ್ಕು ಮಾತ್ರ ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು. ಬಿಚ್ಚಿದ್ದನ್ನು ನೋಡುವ ಚಪಲ ನನಗೆ ಚಿಕ್ಕಂದಿನಿಂದ. ಜೋಡಿಸುವ ಚಪಲ ಅಷ್ಟಾಗಿ ಬೆಳೆಯಲಿಲ್ಲ.

ಬಹುತೇಕ ಭಾನುವಾರ ನಾವಿಬ್ಬರೂ ಗಾಡಿಯಲ್ಲಿ ಜಾವಗಲ್ ಮೇಲೆ ಹಳೇಬೀಡು ದಾಟಿ ಬೇಲೂರಿಗೆ ಹೋಗುತ್ತೇವೆ. ಅಲ್ಲಿ ಗಿರಿಜೆಯ ಅಕ್ಕ ಇದ್ದಾಳೆ. ಅಕ್ಕನ ಮನೆಯ ಊಟ ಒಳ್ಳೆಯದೇ, ಆದರೆ ನಾನು ಹೋಗುವುದು ದಾರಿಗಾಗಿ. ಮನೆಯಲ್ಲಿ ನಮ್ಮ ಮಾತು ಹಾಲು ಬಂತಾ, ನಲ್ಲಿ ಬಂತಾ, ಕರೆಂಟು ಹೋಯ್ತಾ ಅನ್ನುವುದರಲ್ಲೇ ಮುಗಿಯುತ್ತದೆ. ಅದೇ ಗಿರಿಜೆ ಗಾಡಿಯ ಹಿಂದೆ ಕೂತಳೋ, ಊರು ದಾಟುವುದೇ ತಡ, ನನ್ನ ಕಿವಿಯ ಹತ್ತಿರ ಬಾಯಿಟ್ಟು ಶುರು ಮಾಡುತ್ತಾಳೆ. ಮದುವೆಯಾದ ಹೊಸತರಲ್ಲಿ ನಮ್ಮಮ್ಮನ ಸಾರು ಸಪ್ಪೆ ಅನಿಸಿ ಬಚ್ಚಲಲ್ಲಿ ಅತ್ತದ್ದು, ಎಂದೋ ಕಂಡ ಕನಸು, ನನ್ನ ಮೀಸೆ ಅವಳಿಗೆ ಮೊದಲಿನಿಂದಲೂ ಹಿಡಿಸದೇ ಇದ್ದದ್ದು, ಎಲ್ಲವೂ ನನಗೆ ಗೊತ್ತಾದದ್ದು ಆ ರಸ್ತೆಯ ಮೇಲೆಯೇ. ನನ್ನ ಸಂಸಾರದ ಸುಖವೆಲ್ಲ ಆ ಹಿಂದಿನ ಸೀಟಿನಲ್ಲಿದೆ ಅಂದರೆ ನಗಬೇಡಿ, ನಿಜ.

ಒಂದು ಭಾನುವಾರ ಹಳೇಬೀಡಿನ ದೇವಸ್ಥಾನದ ಮುಂದೆ ಪ್ರವಾಸಿಗರ ಬಸ್ಸೊಂದು ಹೇಳದೆ ಕೇಳದೆ ನಿಂತಿತು. ನಾನು ಬಲಗಾಲಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಗದ್ದೆಯ ಕೆಸರಿಗೆ ಕಾಲಿಟ್ಟ ಹಾಗೆ ಸುಮ್ಮನೆ ಕೆಳಗೆ ಹೋಯಿತು. ಕೈಬ್ರೇಕ್ ಹಿಡಿದದ್ದರಿಂದ ಬಚಾವು. ಮುಂದಿನ ಚಕ್ರ ಬಸ್ಸಿನ ಬಂಪರಿಗೆ ಮುತ್ತು ಕೊಟ್ಟು ನಿಂತಿತು. ಗಿರಿಜೆ ಇಳಿದು, ಸೆರಗು ಸರಿ ಮಾಡಿಕೊಂಡು, "ಇದನ್ನ ರಿಪೇರಿಗೆ ಕೊಡಿ" ಅಂದಳು. "ಕೊಡಿ" ಅಂದಳೇ ಹೊರತು "ಮಾಡಿ" ಅನ್ನಲಿಲ್ಲ. ಕನ್ನಡ ಮೇಷ್ಟ್ರಾಗಿಯೂ ನನಗೆ ಆ ಎರಡು ಕ್ರಿಯಾಪದಗಳ ವ್ಯತ್ಯಾಸ ಆಗ ಹೊಳೆಯಲಿಲ್ಲ.

ಬಿಚ್ಚಿದೆ. ಪೆಡಲ್ಲಿನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಳವೆ ಇದೆ, ಮಾಸ್ಟರ್ ಸಿಲಿಂಡರ್ ಅನ್ನುತ್ತಾರೆ. ಪೆಡಲ್ ಒತ್ತಿದರೆ ಒಂದು ಕಡ್ಡಿ ಒಳಗಿನ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಬ್ರೇಕ್ ಆಯಿಲನ್ನು ನೂಕುತ್ತದೆ, ಅದು ಪೈಪಿನಲ್ಲಿ ಓಡಿಹೋಗಿ ಚಕ್ರದ ತಟ್ಟೆಯನ್ನು ಹಿಡಿಸುತ್ತದೆ. ಅಷ್ಟು ದೊಡ್ಡ ಗಾಡಿ, ಅದರ ಮೇಲೆ ದೊಡ್ಡವರು ಇಬ್ಬರು, ಅಕ್ಕನಿಗೆಂದು ಕಟ್ಟಿದ ತೆಂಗಿನಕಾಯಿ ಚೀಲ, ಇಷ್ಟನ್ನೂ ನಿಲ್ಲಿಸುವುದು ಕೂಸಿಗೆ ಹಾಲು ಕುಡಿಸುವ ಒಂದು ಒಳಲೆಯಷ್ಟು ದ್ರವ! ನನಗೆ ರೋಮಾಂಚನವಾಯಿತು. ಕೊಳವೆಯನ್ನು ಕಳಚಿ ಕೋಣೆಗೆ ತಂದು, ಅದರ ಬಾಯಿಗೆ ಬಿಗಿದಿದ್ದ ಉಂಗುರವನ್ನು ಇಕ್ಕಳದಲ್ಲಿ ಕಿತ್ತದ್ದೇ ತಡ, ಒಳಗಿನ ಸ್ಪ್ರಿಂಗು ಪಿಸ್ಟನ್ನನ್ನು ಮಂಚದ ಕೆಳಗೆ ಹಾರಿಸಿತು. ಪೊರಕೆ ಹಿಡಿದು ಹುಡುಕಿದೆ. ಪಿಸ್ಟನ್ನಿಗೆ ಸುತ್ತಿದ ರಬ್ಬರ್ ವಾಷರ್ ಅಂಚು ಸವೆದಿತ್ತು. ಆಯಿಲು ಮುಂದೆ ಹೋಗುವ ಬದಲು ಅದರ ಸಂದಿಯಿಂದ ಹಿಂದಕ್ಕೆ ನುಸುಳುತ್ತಿತ್ತು. ಕಾಯಿಲೆ ಸಿಕ್ಕಿತಲ್ಲ ಅಂತ ಬೀಗಿದೆ.

ಹೊಸ ವಾಷರ್ ತರಲು ಬಸ್ ಸ್ಟ್ಯಾಂಡಿನ ಹತ್ತಿರದ ಬಸಣ್ಣನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಬಸಣ್ಣ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೇ ವ್ಯಾಪಾರ ಮಾಡುವವನು. ಆ ಕಡೆ ಯಾರಿಗೋ ಚಿಲ್ಲರೆ ಕೊಡುತ್ತಾ, "ಎಣ್ಣೆ ಸವರಿ ಕೂರ್ಸಿ ಸಾ, ಸಲೀಸಾಗಿ ಹೋಯ್ತದೆ" ಅಂದ. ನಾನು ಮನೆಗೆ ಬಂದು ಎಣ್ಣೆ ಸವರಿದೆ. ಸವರಿದೆ ಅಂದರೆ ಸುಳ್ಳು. ಅವಲಕ್ಕಿ ನೆನೆಸಿಟ್ಟ ಹಾಗೆ ಬಟ್ಟಲಲ್ಲಿ ಹಾರನಹಳ್ಳಿಯ ಎಣ್ಣೆ ಹುಯ್ದು, ಅದರಲ್ಲಿ ವಾಷರುಗಳನ್ನು ಬೆಳಗಿನವರೆಗೂ ನೆನೆಸಿಟ್ಟೆ. ಒಳ್ಳೆಯದನ್ನು ಕಡಿಮೆ ಯಾಕೆ ಮಾಡಬೇಕು? ಕೂರಿಸುವಾಗ ಕೊಂಚ ಬಿಗಿ ಅನಿಸಿತು. ಹೊಸತಲ್ಲವೇ, ಹೊಸ ಚಪ್ಪಲಿಯೂ ಬಿಗಿಯೇ ಇರುತ್ತದೆ ಅಂದುಕೊಂಡೆ.

ಮುಂದಿನ ಭಾನುವಾರ ಗಿರಿಜೆ ಅನುಮಾನಿಸುತ್ತಲೇ ಹತ್ತಿದಳು. ಬ್ರೇಕು ಹಿಡಿಯಿತು. ಏನು ಹಿಡಿಯಿತು ಅಂತೀರಿ, ಹಿಡಿದದ್ದು ಬಿಡಲಿಲ್ಲ! ಹಳೇಬೀಡು ಹತ್ತಿರವಾಗುತ್ತಿದ್ದ ಹಾಗೆ ಗಾಡಿ ಎಳೆಯದಾಯಿತು, ಸುಟ್ಟ ವಾಸನೆ ಬಂತು, ಬಸ್ತಿಹಳ್ಳಿಯ ಬಸದಿಗಳ ಮುಂದೆ ಹಿಂದಿನ ಚಕ್ರ ಕಚ್ಚಿಕೊಂಡು ನಿಂತೇಬಿಟ್ಟಿತು. ಬ್ರೇಕಿನ ತಟ್ಟೆಯ ಮೇಲೆ ದೋಸೆ ಹುಯ್ಯಬಹುದಿತ್ತು. ತಣ್ಣಗಾಗುವವರೆಗೆ ಮಾಡುವುದೇನು? ಬಸದಿಯೊಳಗೆ ಹೋಗಿ ಕೂತೆವು. ಅಲ್ಲಿನ ಕಂಬಗಳನ್ನು ನೀವು ನೋಡಿರಬೇಕು. ಕಪ್ಪು ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದು, ಮುಖ ಕಾಣುವಷ್ಟು ನುಣುಪು ಮಾಡಿದ್ದಾರೆ. ಹೊಯ್ಸಳರ ಕಾಲದ ಆ ಕಂಬಕ್ಕೂ ನನ್ನ ಪಿಸ್ಟನ್ನಿಗೂ ಒಂದೇ ಹದ, ಎರಡೂ ತಿರುಗಿಸಿ ಕಡೆದದ್ದೇ, ಇವರಿಗೆ ಈ ನುಣುಪು ಹೇಗೆ ಸಾಧ್ಯವಾಯಿತು, ಯಾವ ಎಣ್ಣೆ ಹಚ್ಚಿ ತಿಕ್ಕಿದರೋ ಅಂತ ನಾನು ವಿವರಿಸತೊಡಗಿದೆ. ಕಂಬದಲ್ಲಿ ಗಿರಿಜೆಯ ಮುಖ ಉದ್ದಕ್ಕೆ ಎಳೆದ ಹಾಗೆ ಕಂಡಿತು. ತಿರುಗಿ ನೋಡಿದರೆ ಅಸಲಿ ಮುಖವೂ ಹಾಗೇ ಇತ್ತು.

"ನಾನಿನ್ನು ಬಸ್ಸಲ್ಲೇ ಹೋಗ್ತೀನಿ ಕಣ್ರೀ. ನಿಮ್ಮ ಗಾಡಿ ಸಹವಾಸ ಸಾಕು" ಅಂದವಳೇ ಎದ್ದು ನಡೆದಳು. ಚಕ್ರ ತಣ್ಣಗಾಗಿ ಸಡಿಲವಾದ ಮೇಲೆ ನಾನು ಹಿಂದಿನ ಬ್ರೇಕಿನ ಮೇಲೆ ಕಾಲಿಡದೆ, ಒಬ್ಬನೇ, ಮೆಲ್ಲಗೆ ಅರಸೀಕೆರೆಗೆ ವಾಪಸ್ಸಾದೆ. ಹಿಂದಿನ ಸೀಟು ಖಾಲಿಯಿದ್ದರೆ ಗಾಡಿ ಹಗುರವಾಗಿ ಓಡಬೇಕು. ನನಗೆ ಹಾಗನಿಸಲಿಲ್ಲ.

ಮಾತು ಅಂದರೆ ಮಾತೇ ಅವಳದು. ಮುಂದಿನ ವಾರ ಬಸ್ಸಿಗೆ ಹೊರಟಳು. ನಾನೂ ಬಾಲ ಬಡಿದುಕೊಂಡು ಹೋದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗಂಡಸರಿಗೆ ಸೀಟು ಸಿಗುವುದು ಪೂರ್ವಪುಣ್ಯ. ಅವಳು ಮುಂದೆ ಕೂತಳು, ನಾನು ಹಿಂದೆ ಸರಳು ಹಿಡಿದು ನೇತಾಡಿದೆ. ಅಲ್ಲಿಂದ ನೋಡುತ್ತೇನೆ, ಗಿರಿಜೆ ಪಕ್ಕದಲ್ಲಿ ಕೂತ ಯಾರೋ ಹೆಂಗಸಿನ ಜೊತೆ ಬೇಲೂರಿನವರೆಗೂ ಮಾತಾಡಿದ್ದೇ ಮಾತಾಡಿದ್ದು. ಕೈ ತಿರುಗಿಸುತ್ತಾಳೆ, ನಗುತ್ತಾಳೆ, ಒಮ್ಮೆ ಕಣ್ಣೊರೆಸಿಕೊಂಡಳು ಕೂಡ. ಅದೆಲ್ಲ ನನಗೆ ಸಲ್ಲಬೇಕಾದ ಮಾತು! ನನಗೆ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ದುಃಖವೂ ಆಯಿತು. ಗಾಡಿ ಸರಿಹೋಗದಿದ್ದರೆ ನಾನು ಹೆಂಡತಿಯ ಪಾಲಿಗೆ ಬರೀ ಹಾಲು, ನಲ್ಲಿ, ಕರೆಂಟಿನ ಮನುಷ್ಯನಾಗಿ ಉಳಿಯುತ್ತೇನೆ ಅನ್ನುವುದು ಆ ಸರಳು ಹಿಡಿದಾಗ ಖಚಿತವಾಯಿತು.

ಮತ್ತೆ ಬಿಚ್ಚಿದೆ. ಈ ಸಲ ಗಿರಿಜೆ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಳಗಿನಿಂದ ಬಂದ ವಾಷರನ್ನು ಎತ್ತಿ ನೋಡಿ, "ಇದೇನ್ರೀ, ಉದ್ದಿನವಡೆ ಥರ ಊದ್ಕೊಂಡಿದೆ?" ಅಂದಳು. ಹೌದು, ಊದಿತ್ತು. ಸಿಲಿಂಡರಿನ ಒಳಗೆ ಸೂಜಿ ತೂರುವಷ್ಟೇ ಸಣ್ಣದೊಂದು ತೂತಿದೆ. ಕಾಲು ತೆಗೆದಾಗ ಆಯಿಲು ವಾಪಸ್ಸು ಹೋಗುವುದು ಅದರ ಮೂಲಕ. ಊದಿದ ವಾಷರ್ ಆ ಬಾಗಿಲಿಗೇ ಅಡ್ಡ ಕೂತಿತ್ತು. ಹೋದ ಆಯಿಲು ಮನೆಗೆ ಬರಲಾರದೆ ಚಕ್ರವನ್ನು ಹಿಡಿದುಕೊಂಡೇ ಇತ್ತು. ಆದರೆ ವಾಷರ್ ಊದಿದ್ದು ಯಾಕೆ?

ಬಸಣ್ಣನ ಮುಂದೆ ಹಿಡಿದೆ. ಮೂಸಿ ನೋಡಿದ. ಅವನ ಕಣ್ಣು ಅಗಲವಾಯಿತು, ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದ. "ಸಾ, ಕೊಬ್ರಿ ಎಣ್ಣೆ ಹಾಕಿದೀರಾ? ಬ್ರೇಕ್ ಎಣ್ಣೆ ಸವರಿ ಅಂದ್ರೆ! ಇದೇನ್ ತಲೆ ಐತಾ ಸಾ, ಬಾಚಿ ಹೂ ಮುಡ್ಸಕ್ಕೆ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. "ಬ್ರೇಕ್ ಅನ್ನೋ ಪದ ನೀನು ನುಂಗಿದ್ದೆ ಕಣಯ್ಯ" ಅಂದೆ. "ಎಲೆ ಹಾಕ್ಕಂಡಿದ್ನಲ್ಲ ಸಾ, ಜೊತೆಗೆ ಹೋಗಿರ್ಬೇಕು" ಅಂದ.

ಆದರೆ ನನ್ನ ಕುತೂಹಲ ತಣಿಯಲಿಲ್ಲ. ಎಣ್ಣೆಗೆ ಎಣ್ಣೆ ಸೇರಿದರೆ ಏನು ಮಹಾ? ಮನೆಗೆ ಬಂದು ಒಂದು ಬಟ್ಟಲು ನೀರಿಗೆ ಎರಡು ತೊಟ್ಟು ಬ್ರೇಕ್ ಆಯಿಲ್ ಬಿಟ್ಟು ನೋಡಿದೆ. ತೇಲಲಿಲ್ಲ, ಕರಗಿಹೋಯಿತು! ನೀರಲ್ಲಿ ಕರಗುವ ಇದು ಯಾವ ಸೀಮೆ ಎಣ್ಣೆ? ವಿಚಾರಿಸಿದರೆ ಅದು ಎಣ್ಣೆಯೇ ಅಲ್ಲವಂತೆ, ಮದ್ಯಸಾರದ ದೂರದ ನೆಂಟನಂತೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ಗಾಳಿಯಲ್ಲಿರುವ ತೇವವನ್ನೆಲ್ಲ ಕುಡಿಯುತ್ತದೆ. ಅದರ ಜೊತೆ ಬಾಳುವ ರಬ್ಬರಿಗೆ ನಿಜವಾದ ಎಣ್ಣೆ ಕಂಡರಾಗದು, ಊದಿಕೊಳ್ಳುತ್ತದೆ. ಅಂದರೆ ಸಂಜೆ ಹೊತ್ತು "ಎಣ್ಣೆ ಹಾಕೋಣ ಬಾರೋ" ಅಂತ ಗೆಳೆಯರನ್ನು ಕರೆಯುವವರ ಎಣ್ಣೆಗೆ ಇದು ಹತ್ತಿರ, ಗಾಣದ ಎಣ್ಣೆಗೆ ದೂರ. ಇನ್ನು ಎಣ್ಣೆ ಅನ್ನುವ ಮಾತನ್ನೇ ಬಿಡಿಸಿದರೆ, ಎಳ್ಳು ಮತ್ತು ನೆಯ್, ಎಳ್ಳಿನ ಜಿಡ್ಡು ಅಂತ ಅರ್ಥ. ಹಾಗಾದರೆ ಕೊಬ್ಬರಿ ಎಣ್ಣೆ ಅನ್ನುವುದೇ ಅಸಂಬದ್ಧ, ಕೊಬ್ಬರಿಯೊಳಗೆ ಎಳ್ಳು ಎಲ್ಲಿಂದ ಬಂತು? ಒಂದು ಪದಕ್ಕೆ ಎಷ್ಟು ಸಂಸಾರ ನೋಡಿ! ಇದನ್ನೆಲ್ಲ ಗಿರಿಜೆಗೆ ಹೇಳಿದೆ. "ಪಾಠ ಆಮೇಲೆ, ಮೊದಲು ಬಟ್ಟಲು ತೊಳೀರಿ" ಅಂದಳು. ಆದರೆ ನಗು ತಡೆದುಕೊಂಡಿದ್ದಳು.

ಸಿಲಿಂಡರು ತೊಳೆದು, ಪೈಪು ತೊಳೆದು, ಚಕ್ರದ ಕಡೆಯ ರಬ್ಬರನ್ನೂ ಬದಲಿಸಿ, ಎಲ್ಲಕ್ಕೂ ಬ್ರೇಕ್ ಆಯಿಲನ್ನೇ ಸವರಿ ಜೋಡಿಸಿದೆ. ಕೊನೆಗೆ ಉಳಿದದ್ದು ಗಾಳಿ ತೆಗೆಯುವುದು. ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಪೆಡಲ್ ಮೆತ್ತಗಾಗುತ್ತದೆ, ನೀವು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಇದು ಒಬ್ಬರಿಂದ ಸಲೀಸಾಗಿ ಆಗುವ ಕೆಲಸವಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ತಿರುಪು ಸಡಿಲಿಸಿ ಗಾಳಿ ಬಿಟ್ಟು ಬಿಗಿಯಬೇಕು, ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಗಿರಿಜೆ ಎರಡೂ ಕೈಯಲ್ಲಿ ಪೆಡಲ್ ಅದುಮಿದಳು. "ಒತ್ತು." "ಒತ್ತಿದೆ." "ಹಿಡ್ಕೋ." "ಹಿಡಿದೆ." "ಬಿಡು." ಅಂಗಳದಲ್ಲಿ ಗಂಡ ಹೆಂಡತಿ ಹೀಗೆ ಕೂಗಾಡುವುದನ್ನು ಕೇಳಿ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ಬಹಳ ದಿನದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದೆವು. ಮೆಲ್ಲಗೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು.

"ಇನ್ನು ಭಾನುವಾರ ಹತ್ತುತ್ತೀಯಲ್ಲ?" ಅಂದೆ, ಆದಷ್ಟು ಸಹಜವಾಗಿ.

"ಹತ್ತುತ್ತೀನಿ. ಮುಂದಕ್ಕೆ. ಬ್ರೇಕ್ ಸರಿ ಮಾಡಿದೀನಿ ಅಂತ ಅಷ್ಟು ಧೈರ್ಯ ಇದ್ರೆ ನೀವು ಹಿಂದೆ ಕೂತ್ಕೊಳ್ಳಿ."

"ಗೇರ್ ಗಾಡಿ ಕಣೇ ಇದು."

"ತೋಟದಲ್ಲಿ ಅಪ್ಪನ ಗಾಡಿ ಓಡಿಸ್ತಿದ್ದವಳು ನಾನು. ಲೈಸೆನ್ಸಲ್ಲೂ ಗೇರ್ ಗಾಡಿ ಇದೆ. ನೀವು ಯಾವತ್ತಾದ್ರೂ ಕೇಳಿದೀರಾ?"

ಕೇಳಿರಲಿಲ್ಲ. ಭಾನುವಾರ ಚೂಡಿದಾರ ಹಾಕಿಕೊಂಡು ಬಂದು ಗಾಡಿ ಸ್ಟಾರ್ಟ್ ಮಾಡಿದಳು. ನಾನು ಕಾಯಿಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಚೆನ್ನಾಗಿಯೇ ಓಡಿಸಿದಳು. ಆದರೂ ಊರು ದಾಟುತ್ತಲೇ ಅಡ್ಡ ಬಂದ ಟೆಂಪೋ ಕಂಡು ನನ್ನ ಬಲಗಾಲು ತಾನಾಗಿ ಕೆಳಕ್ಕೆ ಒತ್ತಿತು. ಅಲ್ಲಿ ಬ್ರೇಕ್ ಎಲ್ಲಿದೆ, ಕಾಲಿಡುವ ಸರಳಷ್ಟೇ ಇರುವುದು. ಹಂಪ್ ಬಂತು, ಒತ್ತಿದೆ. ತಿರುವು, ಒತ್ತಿದೆ. ನಾಯಿ, ಒತ್ತಿದೆ. ಜಾವಗಲ್ ಬರುವಷ್ಟರಲ್ಲಿ ಮೀನಖಂಡ ನೋಯತೊಡಗಿತು. ನನಗೊಂದು ಅನುಮಾನ ಬಂತು. ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, "ಗಿರಿಜಾ, ನೀನೂ ಹಿಂದೆ ಕೂತಾಗ ಹೀಗೆ ಬ್ರೇಕ್ ಒತ್ತುತ್ತಾ ಇರ್ತಿದ್ದೆಯಾ?"

"ಮದುವೆ ಆದಾಗಿಂದ!" ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ಕಾಲು ಸೋತುಹೋಗ್ತಿತ್ತು. ಅದಕ್ಕೇ ಮಾತಾಡ್ತಿದ್ದೆ. ಏನಾದ್ರೂ ಮಾತಾಡ್ತಾ ಇದ್ರೆ ಭಯ ಗೊತ್ತಾಗ್ತಿರಲಿಲ್ಲ."

ಆ ಸಾರಿನ ಕಥೆ, ಆ ಕನಸು, ಮೀಸೆಯ ವಿಷಯ, ಎಲ್ಲವೂ ನನ್ನ ಸುಖಕ್ಕೆ ಅಂದುಕೊಂಡಿದ್ದೆನಲ್ಲ! ಅಷ್ಟರಲ್ಲಿ ಎದುರಿಗೆ ತೆಂಗಿನ ಗರಿ ಹೇರಿದ ಟ್ರಾಕ್ಟರ್ ಒಂದು ರಸ್ತೆ ತುಂಬ ಹರಡಿಕೊಂಡು ಬಂತು. ಗಿರಿಜೆ ವೇಗ ತಗ್ಗಿಸಲಿಲ್ಲ. ನಾನು ಅವಳ ಹೆಗಲು ಹಿಡಿದುಕೊಂಡು, ಮದುವೆಗೆ ಮುಂಚೆ ಅವಳನ್ನು ನೋಡಲು ಹಾರನಹಳ್ಳಿಗೆ ಹೋದ ದಿನ ನಾನು ಅವರ ಮನೆ ಬಾಗಿಲಿನಿಂದ ಎರಡು ಸಲ ವಾಪಸ್ಸು ತಿರುಗಿದ್ದೆ ಅನ್ನುವುದನ್ನು, ಇದುವರೆಗೆ ಯಾರಿಗೂ ಹೇಳದೇ ಇದ್ದದ್ದನ್ನು, ಗಡಗಡ ಹೇಳತೊಡಗಿದೆ.

"ಭಯ ಆಯ್ತೇನ್ರೀ?" ಅಂತ ಗಿರಿಜೆ ನಕ್ಕಳು.

"ಇಲ್ಲ ಕಣೇ" ಅಂದೆ. ಬೇಲೂರಿನವರೆಗೂ ನಾನು ಬಾಯಿ ಮುಚ್ಚಲಿಲ್ಲ.